ಎಪ್ಪತ್ತೆರಡು ಅಕ್ಷರಗಳೊಳಗೆ

ಈ ಕಥೆಯ ಮೊದಲ ವಾಕ್ಯವನ್ನು ಒಂಬತ್ತು ಸಲ ಬರೆದು ಒಂಬತ್ತು ಸಲವೂ ಅಳಿಸಿದ್ದೇನೆ. ಈಗ ನೀವು ಓದಿದ್ದು ಹತ್ತನೆಯದು. ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತ ಶುರು ಮಾಡುವುದು ಸೋತವರ ಉಪಾಯ, ಗೊತ್ತು. (ಆದರೂ ನಾಲ್ಕನೆಯ ವಾಕ್ಯದವರೆಗೆ ಬಂದಿದ್ದೀರಿ. ಉಪಾಯ ನಡೆಯಿತು.)

ಬರೆದು ಬಿಟ್ಟ ಕರಡುಗಳಲ್ಲಿ ಒಂದನ್ನು ಇಲ್ಲಿ ಇಡುತ್ತೇನೆ. ಯಾಕೆ ಬಿಟ್ಟೆ ಎಂದು ನಿಮಗೂ ತಿಳಿಯಲಿ.

ಕರಡು

‘ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಲಿಖಿತಾ, ಜೆ.ಪಿ. ನಗರದ ಮೂರನೇ ಹಂತದಲ್ಲಿ ಕನ್ನಡಕದ ಅಂಗಡಿಯೊಂದರ ಮೇಲಿದ್ದ ಆಫೀಸಿನ ಮೆಟ್ಟಿಲು ಹತ್ತಿದಳು. ತೀರಿಹೋದ ಅವಳ ಗಂಡ ನಾಲ್ಕು ವರ್ಷ ಹತ್ತಿದ ಮೆಟ್ಟಿಲು. ಅವಳ ಕಣ್ಣು ತುಂಬಿ ಬಂತು.’

ಇಲ್ಲಿ ಲಿಖಿತಾ ನಿಂತುಬಿಟ್ಟಳು.

"ತುಂಬಿ ಬರ್ಲಿಲ್ಲ," ಅಂದಳು.

"ಬರ್ಲಿಲ್ಲ ಅಂದ್ರೆ?"

"ಬರ್ಲಿಲ್ಲ, ಅಷ್ಟೆ. ಮೆಟ್ಟಿಲು ಇಕ್ಕಟ್ಟಾಗಿತ್ತು. ಮೇಲಿಂದ ಒಬ್ರು ಖಾಲಿ ನೀರಿನ ಕ್ಯಾನ್ ಇಳಿಸ್ತಾ ಇದ್ರು. ಗೋಡೆಗೆ ಒರಗಿ ದಾರಿ ಬಿಟ್ಟೆ. ಅದನ್ನ ಬರಿ."

"ಗಂಡ ಹೋಗಿ ಎಂಟು ತಿಂಗಳು. ಓದೋರು ಏನಂದ್ಕೊತಾರೆ?"

"ನೀನು ಅತ್ತಿದ್ಯಾ?"

ಲಿಖಿತಾ ಹತ್ತಿದ ಮೆಟ್ಟಿಲುಗಳನ್ನು ಇಳಿದು ಕಥೆಯಿಂದ ಹೊರಟುಹೋದಳು. ಹೆಸರೊಂದನ್ನು ಬಿಟ್ಟರೆ ನನ್ನದಲ್ಲದ್ದು ಅವಳ ಹತ್ತಿರ ಏನೂ ಇರಲಿಲ್ಲ, ಹಾಗಾಗಿ ನಷ್ಟವೇನಿಲ್ಲ. ಇನ್ನು ಮುಂದೆ ಮೆಟ್ಟಿಲು ಹತ್ತುವವಳು ನಾನೇ. ಹೆಸರು ಮೈತ್ರೇಯಿ. ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಿದ್ದೇನೆ. ಶಾಲಾ ಪಠ್ಯಪುಸ್ತಕಗಳ ಕರಡು ತಿದ್ದುವುದು ಕೆಲಸ.

೧

ಕೋಡ್ ಬರೆಯದ ಓದುಗರಿಗಾಗಿ ಒಂದು ಪ್ಯಾರಾ. (ಬರೆಯುವವರು ಎದ್ದು ಕಾಫಿ ಕುಡಿದು ಬರಬಹುದು.)

ಒಂದು ಸಾಫ್ಟ್‌ವೇರನ್ನು ಹತ್ತಾರು ಜನ ಸೇರಿ ಬರೆಯುತ್ತಾರೆ. ಯಾರಾದರೂ ಏನನ್ನಾದರೂ ಬದಲಾಯಿಸಿದರೆ ಆ ಬದಲಾವಣೆಯನ್ನು ಎಲ್ಲರ ಕೋಡಿಗೆ ಸೇರಿಸುತ್ತಾರೆ. ಸೇರಿಸುವಾಗ ಏನು ಮಾಡಿದೆ ಎಂದು ಒಂದು ಸಾಲು ಬರೆಯಲೇಬೇಕು. ಅದಕ್ಕೆ ಕಮಿಟ್ ಮೆಸೇಜ್ ಎನ್ನುತ್ತಾರೆ. ಬದಲಾವಣೆ, ಮಾಡಿದವರ ಹೆಸರು, ದಿನಾಂಕ, ಗಂಟೆ, ಈ ಒಂದು ಸಾಲು: ಇಷ್ಟೂ ಜೊತೆಯಾಗಿ ಉಳಿಯುತ್ತವೆ. ಮಾಡಿದವರು ಕೆಲಸ ಬಿಟ್ಟು ಹೋದರೂ ಉಳಿಯುತ್ತವೆ.

ನನ್ನ ಗಂಡ ಸಿದ್ದಾರೂಢ ಕೆಲಸ ಮಾಡುತ್ತಿದ್ದ ಕಂಪನಿ ರಕ್ತಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡುತ್ತದೆ. ಮಷೀನಿನಿಂದ ಬಂದ ಅಂಕಿಗಳನ್ನು ನಿಮ್ಮ ಕೈಗೆ ಬರುವ ರಿಪೋರ್ಟಾಗಿ ಅಚ್ಚು ಹಾಕುವ ಕೆಲಸ. ನಾಲ್ಕು ವರ್ಷದಲ್ಲಿ ಅವನು ಒಂಬೈನೂರ ಮೂವತ್ತು ಕಮಿಟ್ ಮೆಸೇಜ್ ಬರೆದಿದ್ದ. ಅಕ್ಷರ ಇಂಗ್ಲಿಷು, ಮಾತು ಬಾದಾಮಿ ಕಡೆಯದು. ಬೆಂಗಳೂರಿಗೆ ಬರುವಾಗ ಅವನಿಗೆ ಹನ್ನೆರಡು ವರ್ಷ. ಅಮ್ಮ ತಂಗೆವ್ವ ಬಿ.ಟಿ.ಎಂ. ಲೇಔಟಿನ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದು, ಜೊತೆಯಲ್ಲಿ ಅವನನ್ನೂ ಕರೆತಂದಿದ್ದರು. ಆಮೇಲೆ ಅವನು ಎಲ್ಲರೊಡನೆ ನಮ್ಮಂತೆಯೇ ಮಾತಾಡಲು ಕಲಿತ. ಅಮ್ಮನೊಡನೆ ಮತ್ತು ಕೋಡಿನೊಡನೆ ಮಾತ್ರ ಕಲಿಯಲಿಲ್ಲ.

ಕೆಲವು ಮಾದರಿ:

‘ಇದು ಯಾಕ ನಡೀತೈತಿ ಗೊತ್ತಿಲ್ಲ. ಯಾರೂ ಮುಟ್ಟಬ್ಯಾಡ್ರಿ.’

‘ನಿನ್ನೆ ಮಾಡಿದ್ದು ತಪ್ಪು. ಇವತ್ತಿಂದು ಬ್ಯಾರೆ ತಪ್ಪು.’

‘ಥೈರಾಯ್ಡ್ ಕಾಲಂ ಸರಿ ಕುಂತಿರಲಿಲ್ಲ. ಕಿವಿ ಹಿಂಡಿ ಕುಂದರ್ಸೀನಿ.’

‘ಕಲ್ಯಾಣಿ ಹೇಳಿದ್ದ ಖರೆ.’

ಕಳೆದ ಆಗಸ್ಟಿನಲ್ಲಿ ಆರು ದಿನದ ಜ್ವರದಲ್ಲಿ ತೀರಿಕೊಂಡ. ಆ ವಿಷಯ ಈ ಕಥೆಯಲ್ಲಿ ಇಷ್ಟೇ.

೨

ಏಪ್ರಿಲ್‌ನಲ್ಲಿ ಚಿದಾನಂದ್ ಫೋನ್ ಮಾಡಿದರು. ಕಂಪನಿ ಅವರದು. ಐವತ್ತರ ಆಸುಪಾಸು, ಮನೆ ಜಯನಗರದಲ್ಲಿ.

"ಮೇಡಂ, ಒಂದ್ ಹೆಲ್ಪ್ ಆಗ್ಬೇಕಿತ್ತು. ನಮ್ ಸಿದ್ದು ಬರ್ದಿರೋದು ಇಲ್ಲಿ ಯಾರ್ಗೂ ಪೂರ್ತಿ ಅರ್ಥ ಆಗ್ತಿಲ್ಲ. ನೀವು ಭಾಷೆ ಓದ್ಕೊಂಡೋರು, ಅವ್ನ ಮಾತು ಕೇಳಿರೋರು. ಒಂದ್ ವಾರದ ಕೆಲ್ಸ."

ವಿಷಯ ಹೀಗಿತ್ತು. ಮಾರ್ಚಿನಲ್ಲಿ ಅಂಜನಾಪುರದ ಒಂದು ಲ್ಯಾಬಿನಿಂದ ತಪ್ಪು ರಿಪೋರ್ಟ್ ಹೋಗಿತ್ತು. ಹಿಮೋಗ್ಲೋಬಿನ್ ಹನ್ನೊಂದೂವರೆ ಇದ್ದ ಹೆಂಗಸಿನ ರಿಪೋರ್ಟಿನಲ್ಲಿ, ದಶಮಾಂಶದ ಬಿಂದು ಒಂದು ಮನೆ ಎಡಕ್ಕೆ ಸರಿದು, ಒಂದು ಚಿಲ್ಲರೆ ಎಂದು ಬಂದಿತ್ತು. ಮನೆಯವರು ಗಾಬರಿಯಿಂದ ಅವರನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಓಡಿದರು. ಅಲ್ಲಿ ಮತ್ತೆ ರಕ್ತ ತೆಗೆದು ನೋಡಿ, ಏನೂ ಇಲ್ಲವೆಂದು ಮನೆಗೆ ಕಳಿಸಿದರು. ಆದರೆ ಸಾಫ್ಟ್‌ವೇರ್ ಕೊಂಡವರು ಸುಮ್ಮನಾಗಲಿಲ್ಲ. ಇಂಥ ಅಂಕಿ ಬಂದಾಗ ಪ್ರಿಂಟ್ ಆಗದಂತೆ ತಡೆಯುವ ವ್ಯವಸ್ಥೆ ಇರಲಿಲ್ಲವೇ? ಇದ್ದರೆ ಯಾರು ತೆಗೆದರು? ಮುಂದಿನ ಸೋಮವಾರ ಅವರ ಕಡೆಯಿಂದ ಒಬ್ಬ ಆಡಿಟರ್ ಬಂದು ಎಲ್ಲ ಕಮಿಟ್ ಮೆಸೇಜುಗಳನ್ನೂ ಓದುವವರಿದ್ದರು.

ಅದಕ್ಕಾಗಿ ಫಾರ್ಮ್ಯಾಟ್ ಬಂತು. ಇನ್ನು ಮೇಲೆ ಪ್ರತಿ ಮೆಸೇಜೂ ಒಂದೇ ಥರ ಇರಬೇಕು. ಮೊದಲು ಬದಲಾವಣೆಯ ಬಗೆ: ತಿದ್ದುಪಡಿಯೋ, ಹೊಸದೋ, ಹಿಂತೆಗೆತವೋ, ಬರೀ ಒಪ್ಪ ಓರಣವೋ. ಆಮೇಲೆ ಯಾವ ಭಾಗ. ಆಮೇಲೆ ಟಿಕೆಟ್ ನಂಬರ್, ಅಂದರೆ ಯಾವ ಕೆಲಸದ ಅಡಿಯಲ್ಲಿ ಇದನ್ನು ಮಾಡಿದ್ದು ಎಂಬುದರ ಸಂಖ್ಯೆ. ಕೊನೆಗೆ ಮಾಡಿದ ಕೆಲಸ, ಆಜ್ಞೆಯ ರೂಪದಲ್ಲಿ. ಎಲ್ಲ ಸೇರಿ ಎಪ್ಪತ್ತೆರಡು ಅಕ್ಷರ ಮೀರಬಾರದು. ಕೊನೆಯಲ್ಲಿ ಪೂರ್ಣವಿರಾಮ ಬೇಡ. ‘ನಾನು’ ಬೇಡ. ಇದನ್ನು ಕಾಯಲು, ಸಿದ್ದಾರೂಢನ ಜೊತೆ ಕೋಡ್ ಬರೆಯುತ್ತಿದ್ದ ಕಲ್ಯಾಣಿ ಒಂದು ಹುಕ್ ಬರೆದಿದ್ದಳು. ಹುಕ್ ಎಂದರೆ ಬಾಗಿಲಲ್ಲಿ ಕೂತ ಒಂದು ಪುಟ್ಟ ಪ್ರೋಗ್ರಾಂ. ಫಾರ್ಮ್ಯಾಟಿನಲ್ಲಿಲ್ಲದ ಮೆಸೇಜನ್ನು ಅದು ಹಿಂದಕ್ಕೆ ಕಳಿಸುತ್ತದೆ.

(ಒಂದು ಮಾತು. ಇದು ಒಳ್ಳೆಯ ನಿಯಮ. ಐದನೆಯ ಪಾಠದಲ್ಲಿ ‘ಹಿಂದೂಮಹಾಸಾಗರ’, ಏಳನೆಯದರಲ್ಲಿ ‘ಹಿಂದೂ ಮಹಾಸಾಗರ’ ಎಂದಿದ್ದರೆ ಎರಡನ್ನೂ ಒಂದು ಮಾಡುವುದರಲ್ಲೇ ನನ್ನ ಆರು ವರ್ಷ ಹೋಗಿದೆ. ಎಲ್ಲ ಒಂದೇ ಥರ ಇದ್ದರೆ ಹುಡುಕುವವರಿಗೆ ಸಿಗುತ್ತದೆ. ಈ ಕಥೆಯಲ್ಲಿ ನಿಯಮ ಕೆಟ್ಟದ್ದು, ಮನುಷ್ಯರು ಒಳ್ಳೆಯವರು ಎಂದು ಓದಿಕೊಳ್ಳಬೇಡಿ.)

ಮುಂದಿನ ಮೆಸೇಜುಗಳ ಚಿಂತೆ ಇರಲಿಲ್ಲ. ಚಿದಾನಂದ್ ಅವರಿಗೆ ಹಳೆಯವೂ ಸರಿಯಾಗಬೇಕಿತ್ತು. ನಾನು ಹೋದ ದಿನ ಕಲ್ಯಾಣಿ ನನ್ನೆದುರೇ ಹೇಳಿದಳು. ಇಪ್ಪತ್ತೇಳರ ಹುಡುಗಿ, ಬನಶಂಕರಿಯವಳು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು.

"ಹಳೇದನ್ನ ಮುಟ್ಟೋದು ಬೇಡ ಸಾರ್. ಒಂದ್ ಸಾಲು ಬದಲಾಯ್ಸಿದ್ರೂ ಅಲ್ಲಿಂದ ಮುಂದಿಂದೆಲ್ಲಾ ಐಡಿ ಬದಲಾಗತ್ತೆ. ಇಡೀ ಹಿಸ್ಟರಿನೇ ಹೊಸದಾಗಿ ಬರ್ದಂಗೆ."

"ಆಗ್ಲಿ ಬಿಡಮ್ಮ. ಅವ್ರು ಬಂದು ‘ಕಿವಿ ಹಿಂಡಿ ಕುಂದರ್ಸೀನಿ’ ಅಂತ ಓದಿದ್ರೆ ನಮ್ಮನ್ನ ಏನಂತ ತಿಳ್ಕೊತಾರೆ? ನಾವೇನು ಲ್ಯಾಬ್ ಸಾಫ್ಟ್‌ವೇರ್ ಮಾಡ್ತೀವೋ, ದೊಡ್ಡಾಟ ಆಡಿಸ್ತೀವೋ?"

"ಹಳೇ ಕಾಪಿ ಒಂದ್ ಕಡೆ ಇಟ್ಟಿರೋಣ್ವಾ?"

"ಎರಡೆರಡು ಇದ್ರೆ ಕನ್‌ಫ್ಯೂಷನ್. ಒಂದೇ ಇರ್ಲಿ."

ಶುಕ್ರವಾರ ಸಂಜೆ ಹೊಸ ಹಿಸ್ಟರಿ ಹಳೆಯದರ ಜಾಗಕ್ಕೆ ಬರುವುದೆಂದು ತೀರ್ಮಾನವಾಯಿತು.

೩

ನನಗೊಂದು ಲ್ಯಾಪ್‌ಟಾಪ್, ಅದರಲ್ಲಿ ಒಂದು ಎಕ್ಸೆಲ್ ಹಾಳೆ. ಎಡ ಕಾಲಂನಲ್ಲಿ ಅವನ ಸಾಲು. ಬಲ ಕಾಲಂ ಖಾಲಿ. ಅಲ್ಲಿ ನನ್ನ ಸಾಲು. ಅಲ್ಲಿ ಇಂಗ್ಲಿಷಿನಲ್ಲಿ ಬರೆದೆ, ನಿಮಗಾಗಿ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಥೈರಾಯ್ಡ್ ಕಾಲಂ ಸರಿ ಕುಂತಿರಲಿಲ್ಲ. ಕಿವಿ ಹಿಂಡಿ ಕುಂದರ್ಸೀನಿ.’ ಇದು ‘ತಿದ್ದುಪಡಿ, ರಿಪೋರ್ಟ್: ಥೈರಾಯ್ಡ್ ಕಾಲಂ ನೇರ ಮಾಡು’ ಎಂದಾಯಿತು.

‘ಕಲ್ಯಾಣಿ ಹೇಳಿದ್ದ ಖರೆ.’ ಇದಕ್ಕೆ ಕಲ್ಯಾಣಿಯನ್ನೇ ಕೇಳಬೇಕಾಯಿತು. ಅವಳು ಬಗ್ಗಿ ಪರದೆ ನೋಡಿದಳು.

"ನಾನು ಏನ್ ಹೇಳಿದ್ದೆ?"

"ಅದನ್ನೇ ನಾನು ಕೇಳ್ತಿರೋದು."

ಅವಳು ಆ ದಿನದ ಕೋಡ್ ತೆಗೆದು ಓದಿದಳು. "ಓ, ಲಾಗಿನ್‌ದು. ಹಾಗ್ ಮಾಡ್ಬೇಡ ಅಂದಿದ್ದೆ, ಕೇಳ್ಲಿಲ್ಲ. ಮಾರನೇ ದಿನ ವಾಪಸ್ ತೆಗ್ದಿದಾನೆ." ಮತ್ತೊಮ್ಮೆ ಅವನ ಸಾಲು ಓದಿ ಅಂದಳು, "ನನ್ ಹತ್ರ ಒಪ್ಕೊಂಡೇ ಇರ್ಲಿಲ್ಲ ಗೊತ್ತಾ ಮೇಡಂ? ಇಲ್ಲಿ ಒಪ್ಕೊಂಡಿದಾನೆ, ಕಳ್ಳ."

‘ಹಿಂತೆಗೆತ, ಲಾಗಿನ್: ಹಿಂದಿನ ಬದಲಾವಣೆ ರದ್ದು ಮಾಡು’ ಎಂದು ಬರೆದೆ. ಅವಳು ತಲೆಯಾಡಿಸಿ ತನ್ನ ಜಾಗಕ್ಕೆ ಹೋದಳು.

ಗಂಟೆಗೆ ನಲವತ್ತು ಸಾಲಿನ ಲೆಕ್ಕದಲ್ಲಿ ಹೋಗುತ್ತಿದ್ದೆ. ಮೊದಲ ದಿನದ ಮಧ್ಯಾಹ್ನದ ಹೊತ್ತಿಗೆ ಅವನ ವಾಕ್ಯಗಳನ್ನು ಓದುವುದನ್ನೇ ನಿಲ್ಲಿಸಿದ್ದೆ. ಕ್ರಿಯಾಪದ ಹುಡುಕುವುದು, ಅದನ್ನು ಆಚೆ ದಾಟಿಸುವುದು. ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ಆ ಎಂಟು ತಿಂಗಳು ಎಲ್ಲವನ್ನೂ ಹಾಗೆಯೇ ಮಾಡಿದ್ದೆ.

(ನೀವು ಅವನ ಕೊನೆಯ ಮೆಸೇಜಿಗಾಗಿ ಕಾಯುತ್ತಿದ್ದೀರಿ. ನನಗೂ ಗೊತ್ತು, ನಾನೂ ಕಥೆ ಓದುವವಳೇ. ಅದು ಒಂಬೈನೂರ ಮೂವತ್ತನೆಯ ಸಾಲು: ‘ಒಂದು ಸ್ಪೇಸ್ ಹೆಚ್ಚಿತ್ತು, ತಗದೀನಿ.’ ಇನ್ನು ಆ ಕಡೆ ನೋಡಬೇಡಿ.)

೪

(ತೆಗೆದುಹಾಕಿದೆ. ಇದರಲ್ಲಿ ಆಸ್ಪತ್ರೆ ಇತ್ತು.)

೫

ಈಗ ಒಂದು ತಪ್ಪು. ಇಂಥ ಕೆಲಸದಲ್ಲಿ ಮಾತ್ರ ಆಗುವಂಥದು.

ಹುಕ್ ಟಿಕೆಟ್ ನಂಬರ್ ಕೇಳುತ್ತಿತ್ತು. ಅವನ ಕಾಲದಲ್ಲಿ ಟಿಕೆಟ್ ಇರಲೇ ಇಲ್ಲ. ಚಿದಾನಂದ್ ಕೂಗಿ ಹೇಳುತ್ತಿದ್ದರು, ಇವನು ಮಾಡುತ್ತಿದ್ದ. ಹಾಗಾಗಿ ಕಲ್ಯಾಣಿ ಒಂದು ದಾರಿ ಮಾಡಿದಳು. ನಾನು ಬಲ ಕಾಲಂ ತುಂಬಿದ ಕೂಡಲೇ ಆ ಹಳೆಯ ಕೆಲಸಕ್ಕೆ ಒಂದು ಹೊಸ ಟಿಕೆಟ್ ತಾನಾಗಿ ಹುಟ್ಟುತ್ತದೆ, ಸಿದ್ದಾರೂಢನ ಹೆಸರಿಗೆ ಹೋಗುತ್ತದೆ, ಅದೇ ನಿಮಿಷ ಮುಚ್ಚುತ್ತದೆ. ಹುಕ್ಕಿಗೆ ನಂಬರ್ ಸಿಗುತ್ತದೆ.

ಟಿಕೆಟ್ ಮುಚ್ಚಿದಾಗ ಕೆಲಸ ಮಾಡಿದವರಿಗೆ ಮೇಲ್ ಹೋಗುತ್ತದೆ ಎನ್ನುವುದನ್ನು ನಾವು ಯಾರೂ ಯೋಚಿಸಲಿಲ್ಲ. ಅವನ ಮೇಲ್ ಇನ್ನೂ ತೆರೆದಿದೆ ಎನ್ನುವುದನ್ನೂ. ಅವನ ಫೋನು ಬಿ.ಟಿ.ಎಂ.ನಲ್ಲಿ ನನ್ನ ಅತ್ತೆಯ ಸೊಂಟದ ಚೀಲದಲ್ಲಿತ್ತು. ಈಗ ಅದೇ ಅವರ ಫೋನು.

ಸೋಮವಾರ ಸಂಜೆ ಮನೆಗೆ ಹೋದಾಗ ತಂಗೆವ್ವ ಬಾಗಿಲಲ್ಲೇ ಫೋನ್ ಹಿಡಿದು ನಿಂತಿದ್ದರು.

"ಬಂದಿ? ಇದರಾಗ ಏನ ಬಂದಾವ ನೋಡವ್ವಾ. ಮುಂಜಾನಿಂದ ಒಂದ ಸಮ ಟಣ್ ಟಣ್ ಅನ್ನಾಕತ್ತೈತಿ. ರೊಟ್ಟಿ ಬಡಿಯಾಕಿ ನಾ ಎಷ್ಟ ಸಲ ಕೈ ಒರಸ್ಕೊಳ್ಳಿ?"

ನೋಡಿದೆ. ನೂರ ತೊಂಬತ್ತೆಂಟು ಮೇಲ್. ಎಲ್ಲದರಲ್ಲೂ ಒಂದೇ ಒಕ್ಕಣೆ: ಸಿದ್ದಾರೂಢ ಅವರೇ, ನಿಮಗೆ ವಹಿಸಿದ ಕೆಲಸ ಮುಗಿದಿದೆ. ಅದರ ಕೆಳಗೆ, ನಾನು ಬರೆದ ಸಾಲು.

"ಯಾರ ಕಳ್ಸ್ಯಾರ?"

ನಾನು ಎನ್ನಬೇಕಿತ್ತು. "ಆಫೀಸಿಂದು ಅತ್ತೆ. ಮಷೀನ್ ಕಳ್ಸತ್ತೆ."

"ಮಷೀನಿಗೆ ಯಾರೂ ಹೇಳೇ ಇಲ್ಲೇನು?"

"ಇಲ್ಲ."

"ಹಂಗಾರ ಬಿಡು. ಅದಕ್ಕ ಏನ ಗೊತ್ತಿರ್ತೈತಿ."

"ನಾಳೆ ಹೇಳಿ ನಿಲ್ಲಿಸ್ತೀನಿ. ಒಂದ್ ನಿಮಿಷದ ಕೆಲ್ಸ."

ತಂಗೆವ್ವ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. "ಬ್ಯಾಡ. ಬರಲಿ. ಅಂವ ನಾಕ ವರ್ಷ ಅಲ್ಲಿ ಏನ ಮಾಡ್ತಿದ್ದಾ ಅಂತ ನನಗ ಯಾರ ಹೇಳ್ಯಾರ? ಕೇಳಿದ್ರ ‘ನಿನಗ ತಿಳಿಯಂಗಿಲ್ಲ ಬಿಡಬೇ’ ಅಂತಿದ್ದ. ಈಗ ತಾನ ಹೇಳಾಕತ್ತೈತಿ. ಓದು."

ಆ ವಾರದ ಸಂಜೆಗಳು ಹೀಗೆ ಹೋದವು. ಅವರು ಬೆಳ್ಳುಳ್ಳಿ ಬಿಡಿಸುತ್ತ ಕೂತು, ಪರದೆಯ ಮೇಲೆ ಎಲ್ಲಿಯೋ ಒಂದು ಕಡೆ ಬೆರಳಿಟ್ಟು ‘ಇದು’ ಎನ್ನುತ್ತಿದ್ದರು. ನಾನು ಹಗಲು ಇಂಗ್ಲಿಷ್ ಮಾಡಿದ್ದನ್ನು ಸಂಜೆ ಕನ್ನಡ ಮಾಡುತ್ತಿದ್ದೆ. ಥೈರಾಯ್ಡ್ ಕಾಲಂ ನೇರ ಮಾಡಿದ. ಪ್ರಿಂಟರ್ ಹೆಸರು ಬದಲಾಯಿಸಿದ. "ಹೂಂ," ಎನ್ನುತ್ತಿದ್ದರು. "ಶ್ಯಾಣ್ಯಾ." ಒಮ್ಮೆ, "ಇದೇನ ಬರೇ ನೆಟ್ಟಗ ಮಾಡೂದು, ಸಾಲಾಗಿ ಇಡೂದು. ಮನ್ಯಾಗ ಒಂದ ದಿನ ಹಾಸಿಗಿ ಸುತ್ತಿಟ್ಟಾಂವಲ್ಲ."

(ಇಲ್ಲಿ ನಾನು ನಕ್ಕೆ. ಕಥೆಗೆ ಬೇಕೆಂದು ಸೇರಿಸಿದ್ದಲ್ಲ.)

ಬುಧವಾರ ಸಂಜೆ ಬೆರಳು ಇನ್ನೊಂದು ಕಡೆ ಬಿತ್ತು.

"ತಿದ್ದುಪಡಿ, ರಿಪೋರ್ಟ್. ಮಿತಿ ಮೀರಿದ ಅಂಕಿಯ ಎಚ್ಚರಿಕೆ ತೆಗೆ."

"ಎಂಥಾ ಎಚ್ಚರಿಕಿ?"

"ರಕ್ತದ ರಿಪೋರ್ಟಲ್ಲಿ ಇರಬಾರದಷ್ಟು ಕಮ್ಮಿ ನಂಬರ್ ಬಂತು ಅನ್ನಿ. ಪ್ರಿಂಟ್ ಆಗೋಕೆ ಮುಂಚೆ ನಿಂತು ಕೇಳತ್ತೆ, ಇದು ಸರಿನಾ ನೋಡಿ ಅಂತ. ಅದನ್ನ ತೆಗ್ದಿದಾನೆ."

"ಅಂವ ತಗದಾನ?"

"ಹೂಂ."

"ಯಾಕ?"

ಮತ್ತೊಮ್ಮೆ ಓದಿದೆ. ಯಾಕೆ ಎನ್ನುವುದು ಅದರಲ್ಲಿ ಇರಲಿಲ್ಲ.

"ಬರ್ದಿಲ್ಲ ಅತ್ತೆ."

ಅವರ ಕೈ ನಿಂತಿತು. "ಬರೀದ ಇರಾಂವಲ್ಲ. ಸಾಲ್ಯಾಗ ಮಾಸ್ತರ ತಪ್ಪ ಹಾಕಿದ್ರ ಅದರ ಬಾಜೂಕ ಬರೀತಿದ್ದ, ‘ಹಿಂಗ ಬರಿ ಅಂತ ನೀವ ಹೇಳಿದ್ರಿ’ ಅಂತ. ಅದಕ್ಕ ನನ್ನ ಎರಡ ಸಲ ಸಾಲಿಗೆ ಕರಸ್ಯಾರ. ನೀ ಸರಿ ನೋಡು."

ಲ್ಯಾಪ್‌ಟಾಪ್ ತೆಗೆದು ಹಾಳೆಯಲ್ಲಿ ಹುಡುಕಿದೆ. ಆರುನೂರ ಹನ್ನೊಂದನೆಯ ಸಾಲು. ಎರಡು ವರ್ಷದ ಹಿಂದಿನದು. ಬಲ ಕಾಲಂನಲ್ಲಿ ನನ್ನದು, ಅದೇ ದಿನ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ತುಂಬಿದ್ದು. ಬರೆದ ನೆನಪೇ ಇಲ್ಲ. ಎಡ ಕಾಲಂನಲ್ಲಿ ಅವನದು:

‘ಚಿದಾನಂದ ಸಾರ್ ಹೇಳ್ಯಾರಂತ ಎಚ್ಚರಿಕಿ ತಗದೀನಿ. ನನಗ ಒಪ್ಪಿಗಿಲ್ಲ.’

ಅಂಜನಾಪುರದ ಆ ರಿಪೋರ್ಟನ್ನು ತಡೆಯಬೇಕಾಗಿದ್ದದ್ದು ಇದೇ ಎಚ್ಚರಿ​ಕೆ. ಸೋಮವಾರ ಆಡಿಟರ್ ಹುಡುಕಿಕೊಂಡು ಬರುವುದೂ ಇದೇ ಸಾಲನ್ನು. ಅಲ್ಲಿ ಸಿಗುವುದು ನನ್ನ ವಾಕ್ಯ, ಪಕ್ಕದಲ್ಲಿ ಅವನ ಹೆಸರು. ತೆಗೆದವನು ಸಿದ್ದಾರೂಢ. ಯಾಕೆಂದು ಕೇಳಲು ಅವನಿಲ್ಲ.

ಕರಡು ತಿದ್ದುವವಳಾಗಿ ನನ್ನ ಸಾಲನ್ನು ತುಂಬ ಹೊತ್ತು ನೋಡಿದೆ. ಬಗೆ ಸರಿ. ಭಾಗ ಸರಿ. ಟಿಕೆಟ್ ಇದೆ. ಪೂರ್ಣವಿರಾಮ ಇಲ್ಲ. ಅದರಲ್ಲಿ ಒಂದೂ ತಪ್ಪು ಸಿಗಲಿಲ್ಲ.

"ಏನಂತ?" ತಂಗೆವ್ವ ಕೇಳಿದರು.

ಓದಿ ಹೇಳಿದೆ, ಅವನದನ್ನು.

"ಹಾಂ," ಅಂದರು. "ಇದು ಅಂವಂದು." ಬೆಳ್ಳುಳ್ಳಿಯ ತಟ್ಟೆಯನ್ನು ಕೆಳಗಿಟ್ಟರು. "ಈಗ ಇದನ್ನ ಯಾರ ಓದ್ತಾರ?"

೬

ಗುರುವಾರ ಕಲ್ಯಾಣಿಗೆ ತೋರಿಸಿದೆ. ಅವಳು ದಿನಾಂಕ ನೋಡಿದಳು, ಕೋಡ್ ನೋಡಿದಳು, ಆಮೇಲೆ ಪೆನ್ಸಿಲ್ ಕಿತ್ತು ಮೇಜಿನ ಮೇಲಿಟ್ಟಳು.

"ಸಾರ್‌ಗೆ ಆವಾಗ ಲ್ಯಾಬ್‌ನೋರಿಂದ ದಿನಾ ಫೋನ್. ಬೆಳಗ್ಗೆ ಕ್ಯೂ ಇರುವಾಗ ನಿಮ್ ಸಾಫ್ಟ್‌ವೇರ್ ನಿಂತು ನಿಂತು ಕೇಳತ್ತೆ ಅಂತ. ತೆಗ್ದಾಕು ಅಂದಿರ್ತಾರೆ. ಸಿದ್ದು ಜಗಳ ಆಡಿದ್ದು ನೆನಪಿದೆ, ಯಾವ್ದಕ್ಕೆ ಅಂತ ಗೊತ್ತಿರ್ಲಿಲ್ಲ. ಅವತ್ತು ಊಟಕ್ಕೂ ಬರ್ಲಿಲ್ಲ."

"ಯಾರು ಹೇಳಿದ್ದು ಅಂತ ಫಾರ್ಮ್ಯಾಟಲ್ಲಿ ಎಲ್ಲಿ ಹಾಕ್ಬೇಕು?"

"ಮೊದಲ್ನೇ ಸಾಲಲ್ಲಿ ಜಾಗ ಇಲ್ಲ. ಕೆಳಗೆ ವಿವರ ಬರೀಬಹುದು, ಆದ್ರೆ ಹಳೇದಕ್ಕೆಲ್ಲ ವಿವರ ಬೇಡ ಅಂತ ಸಾರ್ ಅಂದಿದಾರೆ, ಹೊಸ ಹಿಸ್ಟರಿ ಬರೆಯೋ ನನ್ ಸ್ಕ್ರಿಪ್ಟು ತೆಗ್ದುಬಿಡತ್ತೆ. ಒಂದೇ ಒಂದು ಉಳಿಯತ್ತೆ. ‘ಒಪ್ಪಿಗೆ ಕೊಟ್ಟವರು’ ಅಂತ ಕೊನೇ ಸಾಲು."

"ಹಾಕ್ತೀನಿ ಹಾಗಾದ್ರೆ."

"ನೀವು ಹಾಕಿದ್ರೆ ಹುಕ್ ವಾಪಸ್ ಕಳ್ಸತ್ತೆ ಮೇಡಂ. ಅವ್ರ ಹೆಸರು ಅವ್ರ ಲಾಗಿನ್‌ನಿಂದಾನೇ ಬರ್ಬೇಕು. ಇಲ್ದಿದ್ರೆ ಯಾರು ಬೇಕಾದ್ರೂ ಯಾರ ಹೆಸರು ಬೇಕಾದ್ರೂ ಹಾಕ್ಬಹುದಲ್ಲ?" ಸ್ವಲ್ಪ ಸಂಕೋಚದಿಂದ ಸೇರಿಸಿದಳು, "ನಾನೇ ಹಾಗೆ ಬರ್ದಿರೋದು."

ಅದೂ ಒಳ್ಳೆಯ ನಿಯಮವೇ.

ನನ್ನ ಹಾಳೆಯ ಎಡ ಕಾಲಂ ನನ್ನ ಹತ್ತಿರ ಉಳಿಯುತ್ತದೆ, ನಿಜ. ಆದರೆ ಗಂಡ ಸತ್ತವಳೊಬ್ಬಳ ಎಕ್ಸೆಲ್ ಹಾಳೆಯಲ್ಲಿ ಅವನ ಪರವಾಗಿ ಒಂದು ವಾಕ್ಯ ಇದೆಯೆಂದರೆ ಯಾರು ನಂಬುತ್ತಾರೆ? ನೀವು ನಂಬುತ್ತಿದ್ದೀರಿ. ಅದು ಬೇರೆ, ನೀವು ಕಥೆ ಓದುತ್ತಿದ್ದೀರಿ.

೭

ಶುಕ್ರವಾರಕ್ಕೆ ಮೂರು ಮುಕ್ತಾಯ ಬರೆದೆ.

ಅ) ಚಿದಾನಂದ್ ಸಾಲು ಓದುತ್ತಾರೆ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ, ನಡುಗುವ ಕೈಯಿಂದ ತಮ್ಮ ಹೆಸರು ಹಾಕುತ್ತಾರೆ. (ಇದು ಸಂಜೆ ಏಳೂವರೆಯ ಧಾರಾವಾಹಿ. ಬಿಟ್ಟೆ.)

ಆ) ಚಿದಾನಂದ್ ಮೇಜು ಗುದ್ದುತ್ತಾರೆ. ನಾನು ಒಂದು ಪ್ಯಾರಾ ಉದ್ದದ ಮಾತಾಡಿ ಎದ್ದು ನಡೆಯುತ್ತೇನೆ. (ಅಷ್ಟುದ್ದ ನಾನು ಎಂದೂ ಮಾತಾಡಿದವಳಲ್ಲ.)

ಇ) ಶುಕ್ರವಾರ ಸಂಜೆ ಕಲ್ಯಾಣಿಯ ಸ್ಕ್ರಿಪ್ಟ್ ‘ಆಕಸ್ಮಿಕವಾಗಿ’ ಕೆಡುತ್ತದೆ, ಹಳೆಯ ಹಿಸ್ಟರಿ ಹಾಗೆಯೇ ಉಳಿಯುತ್ತದೆ.

ಇದನ್ನು ಓದಿ ಕಲ್ಯಾಣಿ, "ನನ್ ತಲೆ ಮೇಲೆ ಯಾಕೆ ಹಾಕ್ತೀರಾ? ನನ್ ಸ್ಕ್ರಿಪ್ಟು ಕೆಡಲ್ಲ," ಅಂದಳು. ಅಳಿಸಿದೆ.

ಆಗ, ಕರೆಯದೆಯೇ, ಚಿದಾನಂದ್ ಬಂದು ಈ ಪುಟದಲ್ಲಿ ನಿಂತರು.

"ಮೇಡಂ, ನನ್ನನ್ನ ವಿಲನ್ ಮಾಡ್ತಿದೀರಾ."

"ಇಲ್ಲ ಸಾರ್."

"ಮೊದಲ್ನೇ ಕರಡಲ್ಲಿ ನನಗೆ ದೊಡ್ಡ ಹೊಟ್ಟೆ ಇದೆ ಅಂತ ಬರ್ದಿದ್ರಿ."

"ತೆಗ್ದಿದೀನಿ."

"ಹೊಟ್ಟೆ ಹೋಗ್ಲಿ. ನಾಲ್ಕನೇ ಭಾಗ ಎಲ್ಲಿ?"

ನಾನು ಪುಟಗಳನ್ನು ಹಿಂದಕ್ಕೆ ತಿರುಗಿಸಿದೆ.

"ಅದರಲ್ಲಿ ನಾನಿದ್ದೆ ಅಲ್ವಾ? ಅದನ್ನ ತೆಗ್ದು ಇದೊಂದನ್ನೇ ಇಟ್ರೆ ಓದೋರು ನನ್ ಬಗ್ಗೆ ಏನ್ ತಿಳ್ಕೊತಾರೆ? ನಿಮ್ ಕಥೆ, ನಿಮ್ ಇಷ್ಟ. ಆದ್ರೆ ನಾನೂ ಕೇಳ್ಬಹುದಲ್ಲ, ಯಾಕೆ ತೆಗ್ದ್ರಿ ಅಂತ?"

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನಾನು ತೆಗೆದದ್ದು ಅವರನ್ನು ಕೆಡಿಸಲೆಂದಲ್ಲ. ಅಲ್ಲಿ ನಾನು ಹೋಗಲಾರದ ಕಾರಿಡಾರ್ ಇತ್ತು, ಅಷ್ಟೇ. ಆದರೆ ತೆಗೆದ ಮೇಲೆ ಉಳಿಯುವುದು ತೆಗೆದದ್ದು ಮಾತ್ರ. ಕಾರಣ ಅಲ್ಲಿ ಉಳಿಯುವುದಿಲ್ಲ. ಮರಳಿ ಸೇರಿಸುತ್ತಿದ್ದೇನೆ.

೪ (ಮರಳಿ ಸೇರಿಸಿದ್ದು)

ಆರು ದಿನದಲ್ಲಿ ನಾಲ್ಕು ದಿನ ಚಿದಾನಂದ್ ಐ.ಸಿ.ಯು. ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದರು. ಪ್ಲೇಟ್‌ಲೆಟ್ ಬೇಕೆಂದಾಗ ಅವರೇ ಯಾರು ಯಾರಿಗೋ ಫೋನ್ ಹಚ್ಚಿ ಮೂವರನ್ನು ಕರೆಸಿದರು. ನನ್ನ ಅತ್ತೆ ಏನೂ ತಿನ್ನದೆ ಕೂತಿದ್ದಾಗ ಕೆಳಗಿಳಿದು ಹೋಗಿ ಇಡ್ಲಿ ತಂದು, ಪೊಟ್ಟಣ ಬಿಚ್ಚಿ, ಕೈಗೆ ಕೊಟ್ಟು, "ತಿನ್ನಿ ಅಮ್ಮ, ಅವ್ನು ಎದ್ದ್ ಬಂದ್ರೆ ನನ್ನ ಬೈತಾನೆ," ಅಂದರು. ಆರನೆಯ ದಿನ ಡಾಕ್ಟರು ಹೊರಗೆ ಬಂದಾಗ ಮೊದಲು ಎದ್ದು ನಿಂತದ್ದು ಅವರು. ನಾನು ಕೂತೇ ಇದ್ದೆ.

೮

ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಲ್ಯಾಪ್‌ಟಾಪ್ ಎತ್ತಿಕೊಂಡು ಅವರ ಕೋಣೆಗೆ ಹೋದೆ. ಇದು ಆದದ್ದು. ಕರಡಲ್ಲ.

"ಬನ್ನಿ ಮೇಡಂ. ಮುಗೀತಾ?"

"ಒಂಬೈನೂರ ಇಪ್ಪತ್ತೊಂಬತ್ತು ಮುಗಿದಿದೆ ಸಾರ್. ಒಂದು ಉಳಿದಿದೆ. ಅದು ನಿಮ್ಮ ಲಾಗಿನ್‌ನಿಂದ ಆಗ್ಬೇಕು."

"ನನ್ನಿಂದ ಏನು? ನೀವೇ ಏನಾದ್ರೂ ಹಾಕ್ಬಿಡಿ."

"ಹಾಕಿದ್ದೆ. ತೆಗ್ದೆ."

ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಬಲ ಕಾಲಂನಲ್ಲಿ ಒಂದೇ ಮನೆ ಖಾಲಿ ಇತ್ತು.

"ಏನಿದು?"

"ಓದಿ ಸಾರ್."

"ಅವ್ನ ಕನ್ನಡ ನನಗೆ ಅರ್ಥ ಆಗಲ್ಲ ಅಂತ ತಾನೆ ನಿಮ್ಮನ್ನ ಕರ್ಸಿದ್ದು?"

"ಇದು ಅರ್ಥ ಆಗತ್ತೆ."

ಕನ್ನಡಕ ಹಾಕಿಕೊಂಡರು. ಇಂಗ್ಲಿಷ್ ಅಕ್ಷರದ ಕನ್ನಡವನ್ನು ಎಲ್ಲರೂ ಓದುವಂತೆ ತುಟಿ ಅಲ್ಲಾಡಿಸುತ್ತ, ಒಡೆದು ಒಡೆದು ಓದಿದರು. ಕೊನೆಗೆ ಬಂದು ಮತ್ತೆ ಮೊದಲಿಗೆ ಹೋದರು.

"ನಾನು ಹೇಳಿದ್ನಾ ಹೀಗೆ?"

ನನ್ನನ್ನು ಕೇಳಿದ್ದಲ್ಲ ಅದು.

"ಸೋಮವಾರ ಅವ್ರು ಬರ್ತಾರೆ ಮೇಡಂ."

"ಗೊತ್ತು ಸಾರ್."

"ಇಲ್ಲಿ ಇಪ್ಪತ್ತೆರಡು ಜನ ಇದಾರೆ. ಈ ಕಾಂಟ್ರ್ಯಾಕ್ಟ್ ಹೋದ್ರೆ..."

"ಗೊತ್ತು ಸಾರ್. ಸಂಜೆ ಒಳಗೆ ಎಲ್ಲಾ ರೆಡಿ ಇರತ್ತೆ ಅಂದಿದಾರೆ ಕಲ್ಯಾಣಿ. ಇದೊಂದು ಆದ್ರೆ."

"ಆಗ್ದಿದ್ರೆ?"

"ಹುಕ್ ಬಿಡಲ್ಲ. ಒಂದು ಖಾಲಿ ಇದ್ರೂ ಇಡೀದು ನಿಲ್ಲತ್ತೆ."

"ನೀವು ತುಂಬ್ಬಹುದು."

"ತುಂಬಲ್ಲ ಸಾರ್."

ಎಂಟು ತಿಂಗಳಲ್ಲಿ ನಾನು ಯಾರಿಗಾದರೂ ಏನನ್ನಾದರೂ ಆಗುವುದಿಲ್ಲ ಎಂದದ್ದು ಅದೇ ಮೊದಲು. ದನಿ ಏರಲಿಲ್ಲ. ಅಂಗಡಿಯಲ್ಲಿ ಕೈಚೀಲ ಬೇಡ ಎನ್ನುವ ಹಾಗೆ ಬಂತು.

ಅವರು ಮತ್ತೆ ಓದತೊಡಗಿದರು.

ಇಲ್ಲಿ ನೀವು ‘ಆಮೇಲೆ?’ ಎನ್ನುತ್ತೀರಿ. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿಲ್ಲದವಳಿಗೆ ಎಲ್ಲಿ ನಿಲ್ಲಿಸಬೇಕೆಂದಾದರೂ ಗೊತ್ತಿರಬೇಕಿತ್ತು, ಒಪ್ಪುತ್ತೇನೆ. ಆದರೆ ಆಮೇಲಿನ ಸಾಲು ನನ್ನದಲ್ಲ. ಅದು ಅವರದು, ಅವರ ಕೈಯಿಂದಲೇ ಬರಬೇಕು. ನಾನು ಬರೆದುಕೊಟ್ಟರೆ, ಎಷ್ಟು ಚೆನ್ನಾಗಿ ಬರೆದರೂ, ಹಿಂದಕ್ಕೆ ಬರುತ್ತದೆ.

ಎದುರಿನ ಕುರ್ಚಿ ಎಳೆದುಕೊಂಡು ಕುಳಿತಿದ್ದೇನೆ. ಅವರ ಬೆರಳು ‘ಒಪ್ಪಿಗಿಲ್ಲ’ದ ಕೆಳಗಿದೆ. ಹೊರಗೆ ಯಾರೋ ಊಟಕ್ಕೆ ಏಳುತ್ತಿದ್ದಾರೆ, ಕಲ್ಯಾಣಿ ಬಾಗಿಲ ಗಾಜಿನಲ್ಲಿ ಒಮ್ಮೆ ಇಣುಕಿ ಹೋದಳು. ಚಿದಾನಂದ್ ತಲೆ ಎತ್ತಿಲ್ಲ.

ನನಗೇನೂ ಅವಸರವಿಲ್ಲ.